ನಾನೂರು ಮೀಟರ್ ಒಳಗೆ ಯಾರಿದ್ದಾರೆ?

ನಮ್ಮ ಹಾಸ್ಟೆಲಿನಲ್ಲಿ ಡೆಂಗ್ಯೂ ಅಂದ್ರೆ ಭಯಕ್ಕಿಂತ ತಮಾಷೆಯೇ ಜಾಸ್ತಿ. ಮಳೆಗಾಲ ಶುರುವಾದ ಕೂಡಲೇ ಯಾರಾದ್ರೂ ಒಬ್ಬರು ಮಲಗ್ತಾರೆ. ಪ್ಲೇಟ್‌ಲೆಟ್ ಎಷ್ಟು ಅಂತ ಕ್ರಿಕೆಟ್ ಸ್ಕೋರ್ ಥರ ವಿಚಾರಿಸ್ತೀವಿ. ಎಳನೀರು ಕುಡಿ, ಕಿವಿ ಹಣ್ಣು ತಿನ್ನು ಅಂತ ಎಲ್ಲರೂ ಡಾಕ್ಟರ್ ಆಗ್ತೀವಿ. ಅಟೆಂಡೆನ್ಸ್ ಶಾರ್ಟೇಜಿಗೆ ಮೆಡಿಕಲ್ ಸರ್ಟಿಫಿಕೇಟ್ ಸಿಕ್ತು ಬಿಡು ಮಗಾ ಅಂತ ನಗ್ತೀವಿ. ಎರಡು ವಾರದಲ್ಲಿ ಅವನು ಮತ್ತೆ ಮೆಸ್ ಕ್ಯೂನಲ್ಲಿ ನಿಂತಿರ್ತಾನೆ. ನಮ್ಮ ವಯಸ್ಸಿನಲ್ಲಿ ಬಹುತೇಕ ಹೀಗೇ ಮುಗಿಯುತ್ತೆ.

ಆದರೆ ಸೊಳ್ಳೆಗೆ ಹಾಸ್ಟೆಲ್ ಕಾಂಪೌಂಡ್ ಗೊತ್ತಿಲ್ಲ. ಹಿಂದುಗಡೆ ಹೊಸ ಬ್ಲಾಕ್ ಕಟ್ಟುತ್ತಿದ್ದಾರಲ್ಲ, ಅಲ್ಲಿನ ತಗಡಿನ ಶೆಡ್‌ಗಳಲ್ಲಿ ರಾಯಚೂರು ಕಡೆಯಿಂದ ಬಂದ ಕುಟುಂಬಗಳಿವೆ. ಅವರಲ್ಲಿ ಒಬ್ಬ ಅಕ್ಕ ಐದು ತಿಂಗಳ ಬಸುರಿ. ಹೋದ ತಿಂಗಳು ನಮ್ಮ ಗುಂಪಿನ ಹುಡುಗಿಯನ್ನು ನಿಲ್ಲಿಸಿ ಕೇಳಿದರು: "ನಿಮ್ ಹುಡುಗ್ರಿಗೆ ಬಂದ ಜ್ವರ ನನಗ ಬಂದ್ರ ಕೂಸಿಗೆ ಏನಾಗ್ತದ್ರಿ?" ನಾವೆಲ್ಲ ಬಯಾಲಜಿಗೆ ಹತ್ತನೇ ಕ್ಲಾಸಲ್ಲೇ ಟಾಟಾ ಹೇಳಿದವರು. ಹಾಗಾಗಿ ಒಂದಿಷ್ಟು ಓದಿದೆವು, ಒಬ್ಬ ಡಾಕ್ಟರನ್ನೂ ಕೇಳಿದೆವು. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ತಿದ್ದೇವೆ.

ಮೊದಲು ಡೆಂಗ್ಯೂ. ಬಸುರಿಯಲ್ಲಿ ಇದು ತೀವ್ರವಾಗುವ ಸಾಧ್ಯತೆ ಹೆಚ್ಚು. ಮಗು ದಿನ ತುಂಬುವ ಮೊದಲೇ ಹುಟ್ಟಬಹುದು, ತೂಕ ಕಡಿಮೆ ಇರಬಹುದು, ಹೆರಿಗೆಯಲ್ಲಿ ರಕ್ತಸ್ರಾವ ಹೆಚ್ಚಾಗಬಹುದು. ಹೆರಿಗೆ ಹತ್ತಿರ ಇರುವಾಗ ಜ್ವರ ಬಂದರೆ ವೈರಸ್ ಮಗುವಿಗೂ ದಾಟಬಹುದು. ಇನ್ನೊಂದು ತೊಡಕಿದೆ. ಡೆಂಗ್ಯೂನಲ್ಲಿ ರಕ್ತನಾಳದಿಂದ ದ್ರವ ಸೋರಿ ರಕ್ತ ಗಟ್ಟಿಯಾಗುತ್ತೆ. ಡಾಕ್ಟರು ಅದನ್ನು ಅಳೆದೇ ಅಪಾಯ ಹಿಡಿಯೋದು. ಆದರೆ ಬಸುರಿಯ ರಕ್ತ ಮೊದಲೇ ಸ್ವಲ್ಪ ತೆಳುವಾಗಿರುತ್ತೆ, ಪ್ಲೇಟ್‌ಲೆಟ್ ಕೂಡ ಎಷ್ಟೋ ಜನರಲ್ಲಿ ತುಸು ಇಳಿದಿರುತ್ತೆ. ನಮ್ಮ ಲ್ಯಾಬ್ ಭಾಷೆಯಲ್ಲಿ ಹೇಳೋದಾದ್ರೆ ಬೇಸ್‌ಲೈನೇ ಶಿಫ್ಟ್ ಆಗಿದೆ, ರೀಡಿಂಗ್ ನಾರ್ಮಲ್ ಅಂತ ತೋರಿಸಿದರೂ ಒಳಗೆ ಏನೋ ನಡೀತಿರಬಹುದು. ಅದಕ್ಕೇ ಬಸುರಿಗೆ ಜ್ವರ ಬಂದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಅವತ್ತೇ ಆಸ್ಪತ್ರೆ. ಐಬುಪ್ರೊಫೆನ್, ಆಸ್ಪಿರಿನ್ ಥರದ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು, ರಕ್ತಸ್ರಾವ ಹೆಚ್ಚುತ್ತೆ.

ಚಿಕೂನ್‌ಗುನ್ಯಾ ಬೇರೆ ಥರ. ಹೆರಿಗೆಯ ಹೊತ್ತಿಗೆ ತಾಯಿಯ ರಕ್ತದಲ್ಲಿ ಆ ವೈರಸ್ ಇದ್ದರೆ ಸುಮಾರು ಅರ್ಧದಷ್ಟು ಮಕ್ಕಳಿಗೆ ಅದು ಅಂಟುತ್ತೆ.

ಮೂರನೆಯದು ಜೀಕಾ. 1947ರಲ್ಲಿ ಉಗಾಂಡದ ಜೀಕಾ ಕಾಡಿನ ಒಂದು ಕೋತಿಯಲ್ಲಿ ಸಿಕ್ಕ ವೈರಸ್. ಐದರಲ್ಲಿ ನಾಲ್ಕು ಜನಕ್ಕೆ ಬಂದದ್ದೇ ಗೊತ್ತಾಗಲ್ಲ. ಹಾಗಾಗಿ ಎಷ್ಟೋ ವರ್ಷ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 2015ರಲ್ಲಿ ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ತಲೆ ತೀರಾ ಚಿಕ್ಕದಾಗಿರುವ ಮಕ್ಕಳು ಒಬ್ಬರ ಹಿಂದೆ ಒಬ್ಬರು ಹುಟ್ಟತೊಡಗಿದರು. ವೈರಸ್ ಮಾಸು ದಾಟಿ, ಬೆಳೆಯುತ್ತಿರುವ ಮಿದುಳಿನ ಜೀವಕೋಶಗಳನ್ನೇ ಹಾಳು ಮಾಡುತ್ತಿತ್ತು. 2016ರ ಫೆಬ್ರವರಿ 1ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಘೋಷಿಸಿತು. ಗರ್ಭದಲ್ಲಿ ಜೀಕಾ ಸೋಂಕು ತಗುಲಿದರೆ 100ರಲ್ಲಿ 5ರಿಂದ 15 ಮಕ್ಕಳಿಗೆ ತೊಂದರೆ ಅಂತ ಆ ಸಂಸ್ಥೆಯ ಅಂದಾಜು. ಇದು ಗಂಡನಿಂದ ಹೆಂಡತಿಗೆ ಲೈಂಗಿಕವಾಗಿಯೂ ಹರಡುತ್ತೆ. ಲಸಿಕೆ ಇಲ್ಲ.

ಬ್ರೆಜಿಲ್ ದೂರ ಅಂದ್ಕೊಬೇಡಿ. 2022ರ ಡಿಸೆಂಬರಿನಲ್ಲಿ ಕರ್ನಾಟಕದ ಮೊದಲ ಜೀಕಾ ಪ್ರಕರಣ ವರದಿಯಾದದ್ದು ರಾಯಚೂರು ಜಿಲ್ಲೆಯ ಐದು ವರ್ಷದ ಹುಡುಗಿಯಲ್ಲಿ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ ವೈರಸ್ ಸಿಕ್ಕಿತು. ಆಗ ಆರೋಗ್ಯ ಇಲಾಖೆಯವರು ಹುಡುಕಿಕೊಂಡು ಹೋಗಿ ರಕ್ತದ ಮಾದರಿ ತೆಗೆದದ್ದು ಸುತ್ತಲ ಹಳ್ಳಿಗಳ ಗರ್ಭಿಣಿಯರದ್ದು.

ಈ ಮೂರನ್ನೂ ಹರಡೋದು ಮುಖ್ಯವಾಗಿ ಒಂದೇ ಸೊಳ್ಳೆ, ಈಡಿಸ್ ಈಜಿಪ್ಟೈ. ಹಗಲು ಕಚ್ಚುತ್ತೆ. ತನ್ನ ಜೀವಮಾನದಲ್ಲಿ ಅದು ಹೋಗೋದು ಸಾಮಾನ್ಯವಾಗಿ 400 ಮೀಟರ್ ಒಳಗೇ. ನಮ್ಮ ರೂಮಿಂದ ಆ ಶೆಡ್‌ಗಳಿಗೆ ಅದರ ಅರ್ಧ ದೂರವೂ ಇಲ್ಲ.

ಜ್ವರ ಬಂದ ಹುಡುಗನಿಗೆ ಹಗಲಲ್ಲೂ ಸೊಳ್ಳೆಪರದೆ ಯಾಕೆ, ಅವನಿಗೆ ಆಗೋದು ಆಗಿದೆಯಲ್ಲ ಅಂತ ಅನಿಸುತ್ತೆ. ಆದರೆ ಆ ಪರದೆ ಅವನಿಗಲ್ಲ. ಅವನನ್ನು ಕಚ್ಚಿದ ಸೊಳ್ಳೆ ಒಂದೆರಡು ವಾರದಲ್ಲಿ ವೈರಸ್ ದಾಟಿಸಲು ರೆಡಿ. ಅದು ಮುಂದೆ ಯಾರನ್ನು ಕಚ್ಚುತ್ತೆ ಅನ್ನೋದು ನಮ್ಮ ಕೈಲಿಲ್ಲ, ಅವನನ್ನು ಕಚ್ಚದ ಹಾಗೆ ನೋಡಿಕೊಳ್ಳೋದು ನಮ್ಮ ಕೈಲಿದೆ. ನಮಗೆ ಎರಡು ವಾರದ ರಜೆ ಆಗುವ ಕಾಯಿಲೆ ಇನ್ನೊಬ್ಬರಿಗೆ ಇಡೀ ಜನ್ಮದ ಲೆಕ್ಕ.

ಅಕ್ಕನಿಗೆ "ಏನೂ ಆಗಲ್ಲ" ಅಂತ ಹೇಳೋಕೆ ನಮಗೆ ಬಾಯಿ ಬರಲಿಲ್ಲ. ಎಲ್ಲ ಬಸುರಿಯರಿಗೂ ತೊಂದರೆ ಆಗಲ್ಲ, ಆದರೆ ಜ್ವರ ಬಂದರೆ ಒಂದು ದಿನವೂ ಕಾಯಬೇಡಿ ಅಂತ ಹೇಳಿದೆವು. ನಲ್ಲಿ ನೀರು ಬರೋದೇ ಎರಡು ದಿನಕ್ಕೊಮ್ಮೆ, ಡ್ರಮ್ಮಿನಲ್ಲಿ ತುಂಬಿಡದೆ ಅವರಿಗೆ ಬೇರೆ ದಾರಿ ಇಲ್ಲ. ಹಳೇ ಸೀರೆ ಬಟ್ಟೆ ಎರಡು ಪದರ ಮಾಡಿ ಡ್ರಮ್ಮಿಗೆ ಬಿಗಿಯಾಗಿ ಕಟ್ಟಿದ್ದು ಅವರದೇ ಐಡಿಯಾ.

ಮೊಟ್ಟೆಯಿಂದ ಸೊಳ್ಳೆ ಆಗಲು 7ರಿಂದ 10 ದಿನ ಬೇಕು. ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸೈಕಲ್ ಕಟ್. ಆದರೆ ಬರೀ ಚೆಲ್ಲಿದರೆ ಸಾಲದು, ಒಳಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತೆ. ಉಜ್ಜಲೇಬೇಕು. ನಾವು ಎಂಟು ಜನ ಪ್ರತಿ ಶನಿವಾರ ಬೆಳಿಗ್ಗೆ ಎಂಟಕ್ಕೆ ಹಾಸ್ಟೆಲ್ ಟೆರೇಸು, ಕೂಲರ್ ಟ್ರೇ, ಸೈಟಿನಲ್ಲಿ ಬಿದ್ದಿರುವ ಪೇಂಟ್ ಡಬ್ಬ ಎಲ್ಲ ನೋಡ್ತೀವಿ. ಒಂದು ಗಂಟೆ ಕೆಲಸ, ಆಮೇಲೆ ಮೆಸ್ಸಲ್ಲಿ ಬಿಸಿ ಇಡ್ಲಿ. ಬರೋರು ಒಂದು ಬ್ರಷ್ ತನ್ನಿ. ರೂಮಲ್ಲಿ ಯಾರಿಗಾದ್ರೂ ಜ್ವರ ಇದ್ರೆ ವಾರ್ಡನ್‌ಗೆ ಹೇಳಿ, ಪರದೆ ಕಟ್ಟಿ. ಪರದೆ ಇಲ್ಲದಿದ್ರೆ ನಮ್ಮನ್ನ ಕೇಳಿ, ಕ್ಲಬ್ ರೂಮಲ್ಲಿ ಮೂರು ಇವೆ.