ಅಮ್ಮ ಕೇಳಿದ ಪ್ರಶ್ನೆ

ತುಲಸೀಕಟ್ಟೆಗೆ ಮೂರು ಸುತ್ತು ಬರುವಷ್ಟರಲ್ಲಿ ನಮ್ಮ ತಾಯಿಯವರಿಗೆ ಏದುಸಿರು ಬರತೊಡಗಿದಾಗ, ಅದು 81ರ ವಯಸ್ಸಿನ ಸಹಜ ದಣಿವೆಂದೇ ನಾವೆಲ್ಲ ಭಾವಿಸಿದ್ದೆವು. ಒಂದು ಸಂಜೆ ದೀಪ ಹಚ್ಚುತ್ತಿದ್ದವರು ಕಣ್ಣು ಕತ್ತಲೆಗಟ್ಟಿ ಕುಸಿದರು. ಬೆಂಗಳೂರಿನ ವೈದ್ಯರು ಪರೀಕ್ಷಿಸಿ, ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಹೆಬ್ಬಾಗಿಲಿನ ಕವಾಟದಲ್ಲಿ ಸುಣ್ಣ ಕಟ್ಟಿಕೊಂಡಿದೆಯೆಂದರು. ಔಷಧಕ್ಕೆ ಕರಗುವ ಸುಣ್ಣವಲ್ಲ ಅದು. ಎದೆಯ ಮೂಳೆ ಸೀಳಿ ಕವಾಟ ಬದಲಿಸುವ ಹಳೆಯ ಕ್ರಮವನ್ನು ಅವರ ದೇಹ ತಾಳಲಾರದು. ತೊಡೆಯ ರಕ್ತನಾಳದಲ್ಲಿ ಕೊಳವೆ ತೂರಿಸಿ ಹೊಸ ಕವಾಟವನ್ನು ಕೂರಿಸಬಹುದು ಎಂದರು.

ತೊಡೆಯೆಲ್ಲಿ, ಹೃದಯವೆಲ್ಲಿ! ನನ್ನ ಮುಖ ನೋಡಿ ವೈದ್ಯರು ಬೇಸರಿಸದೆ ವಿವರಿಸಿದರು. ಲೋಹದ ಜಾಲರಿಗೆ ಹೊಲಿದ ಕವಾಟವನ್ನು ಮಡಿಸಿದ ಕೊಡೆಯಂತೆ ಪುಟ್ಟ ಬಲೂನಿನ ಮೇಲೆ ಬಿಗಿದು ಒಯ್ಯುತ್ತಾರೆ. ಸ್ಥಾನ ಸೇರಿದೊಡನೆ ವಿದ್ಯುತ್ತಿನ ಪ್ರಚೋದನೆಯಿಂದ ಹೃದಯವನ್ನು ನಿಮಿಷಕ್ಕೆ 180ಕ್ಕೂ ಹೆಚ್ಚು ಸಲ ಮಿಡಿಸುತ್ತಾರೆ. ಆ ವೇಗದಲ್ಲಿ ಅದು ರಕ್ತವನ್ನು ನೂಕಲಾರದೆ ಕೆಲವು ಕ್ಷಣ ಬರಿದೆ ಅದಿರುತ್ತದೆ. ಅಷ್ಟರಲ್ಲಿ ಬಲೂನು ಉಬ್ಬಿ, ಹಳೆಯ ಕವಾಟವನ್ನು ಬದಿಗೆ ಒತ್ತಿ, ಹೊಸದು ಅರಳಿ ನಿಲ್ಲಬೇಕು.

ಮನುಷ್ಯನಲ್ಲಿ ಇದನ್ನು ಮೊದಲು ಮಾಡಿದವರು ಫ್ರಾನ್ಸಿನ ರೂವಾನ್ ನಗರದ ವೈದ್ಯ ಅಲೇನ್ ಕ್ರಿಬಿಯೇ, 2002ರ ಏಪ್ರಿಲ್ 16ರಂದು. 1985ರಲ್ಲಿಯೇ ಅವರು ಬರಿಯ ಬಲೂನಿನಿಂದ ಕವಾಟವನ್ನು ಹಿಗ್ಗಿಸಿದ್ದರು. ಹಿಗ್ಗಿದ್ದು ಕೆಲವು ತಿಂಗಳಲ್ಲಿ ಮತ್ತೆ ಕಿರಿದಾಗುತ್ತಿತ್ತು. ಹದಿನೇಳು ವರ್ಷ ಅವರು ಹಟ ಬಿಡಲಿಲ್ಲ. ಆ ಮೊದಲ ರೋಗಿ ಶಸ್ತ್ರವೈದ್ಯರು ಕೈಬಿಟ್ಟಿದ್ದ 57 ವರ್ಷದವನು. ನಾಲ್ಕು ತಿಂಗಳ ತರುವಾಯ ಹೃದಯಕ್ಕೆ ಸಂಬಂಧಿಸದ ತೊಡಕಿನಿಂದ ತೀರಿಕೊಂಡ.

ನನ್ನ ಸಂಕಟ ಬೇರೆಯದು. ನಮಗೆ ಆರಿಸಿದ್ದ ಕವಾಟದ ಎಸಳುಗಳು ದನದ ಹೃದಯದ ಹೊರಪೊರೆಯಿಂದ ಮಾಡಿದವು. ಅಮ್ಮನಾದರೋ ಗೋಗ್ರಾಸ ತೆಗೆದಿಡದೆ ಊಟಕ್ಕೆ ಕೂರದವರು. ವಾಚಕರು ನಗಬಾರದು, ಹಣದ ಚಿಂತೆಗಿಂತ ಈ ಚಿಂತೆಯೇ ನನ್ನ ನಿದ್ದೆಗೆಡಿಸಿತು. ಹೇಳುವುದೇ ಬೇಡವೆಂದ ನನ್ನ ತಮ್ಮ. ನಾನೂ ಒಪ್ಪಿದ್ದೆ.

ಹಿಂದಿನ ರಾತ್ರಿ ಅಮ್ಮನೇ ಕೇಳಿದರು: “ಅದು ಯಾತರದ್ದೋ?”

ಎದೆಯೊಳಗೆ ಇಟ್ಟುಕೊಳ್ಳುವವರಿಗೆ ಸುಳ್ಳು ಹೇಳಲು ನಾಲಗೆ ಹೊರಳಲಿಲ್ಲ. ಹೇಳಿಬಿಟ್ಟೆ. ಅವರು ಗೋಡೆಯತ್ತ ತಿರುಗಿದರು. ನಿದ್ದೆ ಹತ್ತಿತೆಂದು ನಾನು ದೀಪವಾರಿಸಿದ ಮೇಲೆ ಕತ್ತಲೆಯಲ್ಲಿ ದನಿ ಕೇಳಿತು: “ಇದಕ್ಕಾಗಿಯೇ ಕೊಂದರೇನೋ?”

“ಇಲ್ಲಮ್ಮ, ಮಾಂಸಕ್ಕಾಗಿ ಕೊಂದದ್ದು. ಇದು ಉಳಿದ ಪೊರೆ.”

ಮತ್ತೆ ಮಾತಿಲ್ಲ. ಬೆಳಿಗ್ಗೆ ಒಪ್ಪಿಗೆಯ ಕಾಗದ ಬಂದಾಗ ಕನ್ನಡಕ ಕೇಳಿ ಪಡೆದು ತಾವೇ ಸಹಿ ಮಾಡಿದರು.

ಇದೆಲ್ಲ ಕಳೆದು ಐದು ತಿಂಗಳಾಯಿತು. ತುಲಸಿಗೆ ಸುತ್ತು ಬರುತ್ತಿದ್ದಾರೆ. ಗೋಗ್ರಾಸದ ತುತ್ತು ಮೊದಲಿಗಿಂತ ದೊಡ್ಡದಾಗಿದೆ. ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ.