ನಾಲ್ಕು ಮಿಲಿಮೀಟರ್ ಅಂಚು

ಕ್ಷೇತ್ರಗಣಿತದಲ್ಲಿ ತೋಟದ ಸುತ್ತ ದಾರಿ ಹಾಕುವ ಲೆಕ್ಕ ಬಂದಾಗ ಮಕ್ಕಳು ಎಡವುವ ಜಾಗ ಒಂದೇ. ದಾರಿಯ ಅಗಲವನ್ನು ಉದ್ದಕ್ಕೆ ಒಂದು ಸಲ ಕೂಡಿಸಿ ಮುಂದೆ ಹೋಗುತ್ತಾರೆ. ಎರಡು ಸಲ ಕೂಡಿಸಬೇಕು ಎಂದರೆ ಹಾಗೇ ಮಾಡುತ್ತಾರೆ. ಮರುದಿನ ದಾರಿ ತೋಟದ ಒಳಗಡೆ ಬಂದರೆ ಮತ್ತೆ ಅದೇ ಕಥೆ. ಶಿಡ್ಲಘಟ್ಟದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಏಳನೇ ತರಗತಿಗೆ ನನ್ನ ಬೋಧನಾಭ್ಯಾಸದ ಪಾಠಗಳು ಆಗಸ್ಟ್ ಕೊನೆಯ ವಾರಕ್ಕೆ ಬಂದಿದ್ದವು. ಸೆಪ್ಟೆಂಬರ್ 5ರ ಶಿಕ್ಷಕರ ದಿನಕ್ಕೆ ಶುಭಾಶಯ ಪತ್ರ ಮಾಡುವ ಗಡಿಬಿಡಿಯಲ್ಲಿ ಮಕ್ಕಳಿದ್ದರು. ತೋಟವನ್ನು ಬದಿಗಿಟ್ಟು ಕಾರ್ಡನ್ನೇ ಕಲಿಕೋಪಕರಣ ಮಾಡಿಕೊಂಡು ಪಾಠಯೋಜನೆ ಬರೆದೆ.

ಕಾರ್ಡು ಸರಳವಾದದ್ದು. ಎ4 ಹಾಳೆ 210 × 297 ಮಿ.ಮೀ. ಅದನ್ನು ಅರ್ಧಕ್ಕೆ ಕತ್ತರಿಸಿ, ಅರ್ಧವನ್ನು ಮತ್ತೆ ಮಡಿಸಿದರೆ ಮುಖಪುಟ 105 × 148. ಅದರ ಮೇಲೆ ಒಂದು ಬಣ್ಣದ ಹಾಳೆ, ಅದರ ಮೇಲೆ ಇನ್ನೊಂದು, ಎಲ್ಲಕ್ಕೂ ಮೇಲೆ ರೇಷ್ಮೆಗೂಡಿನ ಹೂವು. ನೂಲು ಬಿಚ್ಚಲು ಬಾರದ ಗೂಡುಗಳನ್ನು ಕತ್ತರಿಸಿ ಹೂವು, ಹಾರ ಮಾಡುವುದು ನಮ್ಮ ಕಡೆ ಹೊಸದಲ್ಲ. ಗೂಡು ತರಲು ಮಕ್ಕಳಿಗೆ ಹೇಳಬೇಕಾಗಿಯೂ ಇರಲಿಲ್ಲ. ಷರತ್ತು ಒಂದೇ: ಕೆಳಗಿನ ಹಾಳೆ ನಾಲ್ಕೂ ಕಡೆ 4 ಮಿ.ಮೀ. ಕಾಣಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ. ಇದನ್ನು ‘ಅಂಚು’ ಎಂದೆವು. ಮನೆಯಲ್ಲಿ ತೆಲುಗು ಆಡುವ ಮಕ್ಕಳು ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಅಂಚು ಎರಡು ಭಾಷೆಗೂ ಅಂಚೇ, ಸೀರೆಗೂ ಅದೇ. ಪರಿಭಾಷೆ ವಿವರಿಸುವ ಐದು ನಿಮಿಷ ಉಳಿಯಿತು.

ಹಾಳೆಗಳನ್ನು ನಾನೇ ಅಳತೆಗೆ ಕತ್ತರಿಸಿ ತಂದರೆ 40 ನಿಮಿಷದಲ್ಲಿ ಪಾಠ ಮುಗಿಯುತ್ತದೆ ಎಂದು ಮಾರ್ಗದರ್ಶಕ ಶಿಕ್ಷಕರು ಸಲಹೆ ಕೊಟ್ಟಿದ್ದರು. ಆರು ಕತ್ತರಿಗೆ ಮೂವತ್ತೊಂದು ಮಕ್ಕಳು ಎಂಬುದು ಅವರ ಕಾಳಜಿ, ನ್ಯಾಯವಾದದ್ದೇ. ಆದರೆ ಕತ್ತರಿಸಿ ತಂದ ಹಾಳೆ ಎಂದರೆ ಬಿಡಿಸಿ ತಂದ ಲೆಕ್ಕ; ಮಕ್ಕಳಿಗೆ ಉಳಿಯುವುದು ಗೋಂದು ಹಚ್ಚುವ ಕೆಲಸ. ಎರಡು ಅವಧಿಯನ್ನು ಒಟ್ಟಿಗೆ ಕೇಳಿ ಪಡೆದೆ.

ನಿರೀಕ್ಷಿಸಿದಂತೆ ಹೆಚ್ಚಿನವರು 4ನ್ನು ಒಂದೇ ಸಲ ಕಳೆದು 101 × 144 ಕತ್ತರಿಸಿದರು. ಕಪ್ಪುಹಲಗೆಯ ಮೇಲೆ ಈ ತಪ್ಪು ಬರೀ ಒಂದು ಅಂಕಿ. ಕಾಗದದ ಮೇಲೆ ಅದು ತಾನೇ ಮಾತಾಡುತ್ತದೆ. ಆ ಹಾಳೆಯನ್ನು ಒಂದು ಮೂಲೆಗೆ ಒತ್ತಿದರೆ ಎರಡು ಬದಿಗೆ ಸರಿಯಾಗಿ 4 ಬಂತು, ಉಳಿದೆರಡಕ್ಕೆ ಏನೂ ಇಲ್ಲ. ನಡುವೆ ಇಟ್ಟರೆ ಎಲ್ಲ ಕಡೆ 2. ‘ಇರೋ 4ನ್ನೇ ಎರಡು ಕಡೆ ಹಂಚಿಕೊಂಡ್ಬಿಡ್ತು ಮಿಸ್’ ಎಂದಳು ಮುಂದಿನ ಸಾಲಿನ ಹುಡುಗಿ. ನಾನು ಬರೆದಿಟ್ಟುಕೊಂಡಿದ್ದ ವಿವರಣೆಗಿಂತ ಅದು ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ 97 × 140, ಅದರ ಮೇಲೆ 89 × 132 ಎಂಬ ಅಳತೆಗಳು ಬೆಂಚಿನಿಂದ ಬೆಂಚಿಗೆ ಹರಿದವು.

ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಸ್ಕೇಲನ್ನೇ ಮುಟ್ಟಿರಲಿಲ್ಲ. ಮನೆಯಲ್ಲಿ ಹುಳು ಹಣ್ಣಾದಾಗಲೆಲ್ಲ ಅವನ ಹಾಜರಿ ತಪ್ಪುತ್ತದೆ. ಲೆಕ್ಕದಲ್ಲಿ ಹಿಂದೆ ಎಂದು ಮೊದಲೇ ನನಗೆ ತಿಳಿಸಲಾಗಿತ್ತು. ಅವನು ಎಲ್ಲರಂತೆ ದೊಡ್ಡದರಿಂದ ಚಿಕ್ಕದಕ್ಕೆ ಬರಲಿಲ್ಲ. ಹೂವಿನ ಬಿಳಿ ಹಾಳೆಯನ್ನು ಮೊದಲು ಬಣ್ಣದ ಹಾಳೆಗೆ ಅಂಟಿಸಿದ. ಹಳೆಯ ಕ್ಯಾಲೆಂಡರಿನ ರಟ್ಟಿನಿಂದ 4 ಮಿ.ಮೀ. ಅಗಲದ ಪಟ್ಟಿ ಮಾಡಿ, ಬಿಳಿ ಹಾಳೆಯ ಬದಿಗೆ ತಾಗಿಸಿಟ್ಟು ಗೆರೆ ಎಳೆದು, ಗೆರೆಯ ಮೇಲೆ ಕತ್ತರಿಸಿದ. ಅದನ್ನು ಇನ್ನೊಂದು ಬಣ್ಣಕ್ಕೆ ಅಂಟಿಸಿ ಮತ್ತೆ ಪಟ್ಟಿ. ಕಾರ್ಡಿನ ಹಾಳೆಯನ್ನು ಎಲ್ಲಕ್ಕೂ ಕೊನೆಗೆ ಕತ್ತರಿಸಿದ. ಒಳಗಿನ ಹಾಳೆ ಕೂದಲೆಳೆಯಷ್ಟು ಓರೆಯಿದ್ದರೂ ಅಂಚು ಅದನ್ನೇ ಅನುಸರಿಸುತ್ತದೆ, ಕಣ್ಣಿಗೆ ಸಮವೇ ಕಾಣುತ್ತದೆ. ಇಡೀ ತರಗತಿಯಲ್ಲಿ ಅವನದೇ ಅತ್ಯಂತ ಅಚ್ಚುಕಟ್ಟಾದ ಕಾರ್ಡು.

ಸ್ಕೇಲ್ ಯಾಕೆ ಬೇಡವಾಯಿತು ಎಂದೆ. ‘ಸೊಪ್ಪು ಹೆಚ್ಚೋವಾಗ ಸ್ಕೇಲ್ ಇಟ್ಕೊಂತಾರಾ ಮಿಸ್?’ ಎಂದು ನನ್ನನ್ನೇ ಕೇಳಿದ. ಅವರ ಮನೆಯಲ್ಲಿ ಚಾಕಿ ಹುಳುವನ್ನೂ ಸಾಕುತ್ತಾರೆ. ಮರಿಹುಳುಗಳಿಗೆ ಹಿಪ್ಪುನೇರಳೆ ಸೊಪ್ಪನ್ನು ಚಿಕ್ಕ ಚಿಕ್ಕ ಚೌಕವಾಗಿ ಹೆಚ್ಚಿ ಹಾಕಬೇಕು. ಚೂರು ಒಂದೇ ಸಮ ಇದ್ದರೆ ಎಲ್ಲ ಹುಳುವೂ ಸಮನಾಗಿ ತಿಂದು ಒಟ್ಟಿಗೆ ಜ್ವರಕ್ಕೆ ಕೂರುತ್ತವೆ. ಇಲ್ಲದಿದ್ದರೆ ಅರ್ಧ ಮಲಗಿ ಅರ್ಧ ತಿನ್ನುತ್ತಿರುತ್ತವೆ. ಸಮವಾಗಿ ಕತ್ತರಿಸುವುದು ಅವನಿಗೆ ಅಲಂಕಾರವಲ್ಲ, ಬೆಳೆ.

ಪಾಠ ವೀಕ್ಷಣಾ ಹಾಳೆಯಲ್ಲಿ ಅವನ ಬಗ್ಗೆ ಒಂದು ಸಾಲು ಬಂತು: ಅಂಚಿನ ಎರಡರಷ್ಟನ್ನು ಕಳೆದು ಒಳ ಆಯತದ ಅಳತೆ ಕಂಡುಹಿಡಿಯುವ ಕಲಿಕಾ ಫಲ ಈ ವಿದ್ಯಾರ್ಥಿಯಲ್ಲಿ ಸಾಧಿತವಾಗಿಲ್ಲ. ಅಕ್ಷರಶಃ ನೋಡಿದರೆ ನಿಜ, ಅವನು ಏನನ್ನೂ ಕಳೆದಿರಲಿಲ್ಲ. ಆದರೂ ಆ ಸಾಲನ್ನು ಒಪ್ಪಲು ನನಗೆ ಆಗಲಿಲ್ಲ. ಮಾರನೇ ದಿನ ಅವನ ಕಾರ್ಡನ್ನೇ ಹಲಗೆಯ ಮುಂದೆ ಹಿಡಿದು, ಬಿಳಿ ಹಾಳೆಗಿಂತ ಅದರ ಕೆಳಗಿನದು ಎಷ್ಟು ದೊಡ್ಡದು ಎಂದು ಅವನನ್ನೇ ಕೇಳಿದೆ. ಅಳೆಯಲಿಲ್ಲ. ಪಟ್ಟಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಟ್ಟು ‘ಎಂಟು’ ಎಂದ. ಹಾಗಾದರೆ ಮೇಲಿಂದ ಕೆಳಕ್ಕೆ? ‘ಅದೂ ಎಂಟೇ, ಪಟ್ಟಿ ಅದೇ ಅಲ್ವಾ.’ ಹೊರಗಿನಿಂದ ಒಳಕ್ಕೆ ಬಂದರೆ ಏನು ಮಾಡಬೇಕೆಂದು ಕೇಳುವ ಮೊದಲೇ ಹಿಂದಿನಿಂದ ಉತ್ತರ ಬಂತು. ಪುಸ್ತಕದ ದಾರಿ ಲೆಕ್ಕವನ್ನು ಅವನು ಬಿಡಿಸಿದ್ದು ಚಿತ್ರದ ನಾಲ್ಕು ಬದಿಗೂ ಪಟ್ಟಿ ಬರೆದುಕೊಂಡೇ. ಸೂತ್ರ ಮೊದಲೋ ಪಟ್ಟಿ ಮೊದಲೋ ಎಂದರೆ ನನ್ನ ಓಟು ಪಟ್ಟಿಗೆ.

ಅಂದು ಇನ್ನೊಂದು ಮಾತು ಎದ್ದಿತು, ಅದು ನನ್ನ ಪಾಠಯೋಜನೆಯಲ್ಲಿರಲಿಲ್ಲ. ಒಳಗಿನ ಹಾಳೆ ‘ಉದ್ದುದ್ದ ಆಗ್ತಾ ಇದೆ’ ಎಂದು ಒಬ್ಬಳು ಹಟ ಹಿಡಿದಳು. ಎರಡೂ ಕಡೆ 8 ತಾನೇ ಕಳೆದದ್ದು ಎಂದು ಉಳಿದವರ ವಾದ. ಉದ್ದವನ್ನು ಅಗಲದಿಂದ ಭಾಗಿಸಿ ನೋಡಿದೆವು: 1.41, 1.44, 1.48. ಅವಳ ಕಣ್ಣು ಸರಿ. ಎ ಸರಣಿಯ ಹಾಳೆಗಳ ಗುಣವೇ ಅರ್ಧ ಮಾಡಿದರೂ ಈ 1.41 ಬದಲಾಗದಿರುವುದು, 1922ರಲ್ಲಿ ಜರ್ಮನಿಯಲ್ಲಿ ಆ ಅಳತೆಗಳನ್ನು ಗೊತ್ತುಮಾಡಿದ್ದೇ ಹಾಗೆ. ಒಳಹಾಳೆಗೂ ಅದೇ ಆಕಾರ ಬೇಕೆಂದು ಜೆರಾಕ್ಸ್ ಅಂಗಡಿಯವರಂತೆ 97ಕ್ಕೆ ಕುಗ್ಗಿಸಿದರೆ ಉದ್ದ ಸುಮಾರು 137 ಆಗುತ್ತದೆ, ಮೇಲೆ ಕೆಳಗೆ ಅಂಚು 5.5ಕ್ಕೆ ಏರುತ್ತದೆ. ಅಂಚು ಸಮ ಬೇಕೋ ಆಕಾರ ಒಂದೇ ಬೇಕೋ, ಆಯ್ದುಕೊಳ್ಳಬೇಕು. ಉದ್ದ ಅಗಲಗಳ ವ್ಯತ್ಯಾಸ ಮಾತ್ರ ಎಲ್ಲ ಪದರದಲ್ಲೂ 43.

ಹೀಗೇ ಕತ್ತರಿಸುತ್ತ ಹೋದರೆ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದವರು ಅವರೇ, ಹಲಗೆ ತುಂಬ ಬರೆದವರೂ ಅವರೇ. ಹತ್ತನೆಯ ಪದರಕ್ಕೆ 25 × 68. ಹದಿಮೂರನೆಯದಕ್ಕೆ 1 × 44. ‘ಅದು ಹಾಳೆ ಅಲ್ಲ ಮಿಸ್, ನೂಲು’ ಎಂದ ಕೊನೆಯ ಬೆಂಚಿನವನು. ಇಬ್ಬರು ಅಲ್ಲಿಗೂ ಬಿಡದೆ ಮತ್ತೆ 8 ಕಳೆದು −7 ಎಂದು ಬರೆದರು. ಏಳು ಕಡಿಮೆ ಅಗಲದ ಹಾಳೆ ಎಂದರೆ ಏನು ಎಂಬ ಜಗಳ ಬಿಸಿಯೂಟದ ಸಾಲಿನಲ್ಲೂ ಮುಂದುವರಿಯಿತು.