48 ಟನ್ ಕಬ್ಬಿನ ಎಂ.ಎ.

2025ರ ನವೆಂಬರ್ ಮೊದಲ ವಾರ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೊಡಿ ಅಂತ ರಸ್ತೆಯಲ್ಲಿ ಕುಳಿತಿದ್ದರು. ಅದೇ ಹೊತ್ತಿಗೆ ದಿಗ್ಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಇನ್ನೊಂದು ಲೆಕ್ಕ ನಡೆದಿತ್ತು. ಸರ್ಕಾರ ಕೊನೆಗೆ 3,300 ಅಂದಿತು. ಆ ದರ ಹಿಡಿದೇ ನಾವು ತಂಗಿಯ ಎಂ.ಎ.ಗೆ ಎಷ್ಟು ಟನ್ ಕಬ್ಬು ಬೇಕು ಅಂತ ಲೆಕ್ಕ ಹಾಕಲು ಕುಳಿತೆವು.

ನಾವು ಅಂದರೆ ಅವಳ ಅಣ್ಣ ಮತ್ತು ಕಾಕಾನ ಮಗ. ಇಬ್ಬರೂ ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರು. ಲೆಕ್ಕ ಮಾಡಲು ಅಪ್ಪ ನಮ್ಮನ್ನೇ ಕೂಡಿಸಿದ್ದು ಅದಕ್ಕೇ. "ನೀವು ಕಲ್ತವ್ರು ಅದೀರಿ, ಸರಿಯಾಗಿ ನೋಡಿ ಹೇಳ್ರಿ. ಈ ಮನಶ್ಶಾಸ್ತ್ರ ಓದಿದ್ರ ಪಗಾರ ಎಲ್ಲಿಂದ ಬರ್ತೈತಿ?"

ತಂಗಿ ಬಿ.ಎ.ಯಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡಿದ್ದಕ್ಕೆ ಒಂದು ಕಾರಣವಿದೆ. 2019ರ ಆಗಸ್ಟಿನಲ್ಲಿ ಕೃಷ್ಣಾ ನದಿ ಏರಿದಾಗ ನಾವೆಲ್ಲ ದನಕರು ಹೊಡೆದುಕೊಂಡು ಗಂಜಿ ಕೇಂದ್ರ ಸೇರಿದ್ದೆವು. ನೀರು ಇಳಿದ ಮೇಲೆ ನಮ್ಮ ಓಣಿಯ ಒಬ್ಬರು ಮಾತು ಬಿಟ್ಟರು. ಬಿದ್ದ ಗೋಡೆಯ ಮುಂದೆ ದಿನಗಟ್ಟಲೆ ಕೂಡುತ್ತಿದ್ದರು. ಮನೆಯವರು ಚಿಂಚಲಿ ಮಾಯಕ್ಕನಿಗೆ ಹರಕೆ ಹೊತ್ತರು, ತಾಯತ ಕಟ್ಟಿಸಿದರು. ಕೊನೆಗೆ ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯುವ ಹೊತ್ತಿಗೆ ಒಂದೂವರೆ ವರ್ಷವಾಗಿತ್ತು. ಈಗ ಗುಳಿಗೆ ತಗೊಂಡು ಹೊಲಕ್ಕೆ ಹೋಗುತ್ತಾರೆ. "ಆಗ ಇಲ್ಲೇ ಯಾರರೆ ಇದ್ದಿದ್ರ?" ಅನ್ನುವುದು ಅವಳ ಪ್ರಶ್ನೆ. ಗಂಜಿ ಕೇಂದ್ರದಲ್ಲಿ ಅವಳು ಒಂಬತ್ತನೇ ತರಗತಿ ಹುಡುಗಿ.

ಮೊದಲು ಅವಳು ಹೇಳಿದ್ದು ಅಗ್ಗದ ದಾರಿ: ಯಾವುದಾದರೂ ಖಾಸಗಿ ಶಾಲೆಯಲ್ಲಿ ಕಲಿಸುತ್ತ ದೂರಶಿಕ್ಷಣದಲ್ಲಿ ಎಂ.ಎ. ಮುಗಿಸುವುದು. ಮನೆ ಬಿಡುವಂತಿಲ್ಲ, ಮೆಸ್ ಖರ್ಚಿಲ್ಲ. ಎಲ್ಲರೂ ಹೂಂ ಅಂದಿದ್ದೆವು. ಆದರೆ 2025ರ ಆಗಸ್ಟಿನಲ್ಲಿ ಯುಜಿಸಿ ಮನಶ್ಶಾಸ್ತ್ರ ಸೇರಿದಂತೆ ಆರೋಗ್ಯ ಸಂಬಂಧಿ ಕೋರ್ಸುಗಳನ್ನು ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ನಡೆಸುವಂತಿಲ್ಲ ಎಂದು ಹೇಳಿತು. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯಲ್ಲಿ ವರ್ತನಾ ವಿಜ್ಞಾನದವರೂ ಬರುತ್ತಾರೆ, ಕೈಯಿಂದ ಮಾಡಿ ಕಲಿಯಬೇಕಾದದ್ದು ಅಂಚೆಯಲ್ಲಿ ಬರುವುದಿಲ್ಲ ಎಂಬ ವಾದ. ವಾದ ಸರಿಯೇ ಇರಬಹುದು. ಆದರೆ ಹೊರಗೆ ಹೋಗಲಾಗದ ಹುಡುಗಿಯರಿಗೆ ಇದ್ದ ಒಂದು ಬಾಗಿಲು ಮುಚ್ಚಿತು.

ಉಳಿದದ್ದು ಧಾರವಾಡ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗವಿದೆ. ನಾವು ಬರೆದ ಲೆಕ್ಕ ಇದು. ರೂಮು, ಮೆಸ್ ಸೇರಿ ತಿಂಗಳಿಗೆ 6,000, ಇಪ್ಪತ್ತು ತಿಂಗಳಿಗೆ 1,20,000. ಫೀ, ಪುಸ್ತಕ, ಪ್ರಾಜೆಕ್ಟ್, ಬಸ್ಸು, ರೈಲು ಸೇರಿ 40,000. ಒಟ್ಟು 1,60,000. ಟನ್ನಿಗೆ 3,300ರಂತೆ 48 ಟನ್ನಿಗೆ ಇನ್ನೂ ಸ್ವಲ್ಪ ಮೇಲೆ. ಬೀಜ, ಗೊಬ್ಬರ, ನೀರು, ಆಳು ಅಂತ ನಮ್ಮ ಹೊಲದಲ್ಲಿ ಅರ್ಧ ಖರ್ಚಿಗೇ ಹೋಗುತ್ತದೆ. ಹಾಗಾಗಿ ನಿಜವಾಗಿ ಬೇಕಾದದ್ದು 97 ಟನ್. ಅಂದರೆ ನಮ್ಮ ಎರಡೂವರೆ ಎಕರೆಯ ಒಂದು ಇಡೀ ಹಂಗಾಮು.

ಆಮೇಲೆ ಬಿಟ್ಟುಹೋಗುವ ಗಳಿಕೆ. ಈಗ ಅವಳು ಶಾಲೆಯಲ್ಲಿ ತಿಂಗಳಿಗೆ 8,000 ತರುತ್ತಾಳೆ. ಎರಡು ವರ್ಷಕ್ಕೆ 1,92,000. ಎರಡನ್ನೂ ಕೂಡಿಸಿದರೆ 3,52,000.

ಬರುವುದೇನು? ವಿಚಾರಿಸಿದೆವು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಆಪ್ತಸಮಾಲೋಚಕರು ಇರುತ್ತಾರೆ, ಗುತ್ತಿಗೆ ಕೆಲಸ. ನಾವು ಮಾತಾಡಿಸಿದವರು ಇಪ್ಪತ್ತು ಸಾವಿರದ ಆಸುಪಾಸು ಅಂದರು. ಈಗಿನದಕ್ಕಿಂತ ತಿಂಗಳಿಗೆ 12,000 ಹೆಚ್ಚು. ಹಾಗೆ ನೋಡಿದರೆ ಹಾಕಿದ ದುಡ್ಡು ವಾಪಸಾಗಲು ಸುಮಾರು ಎರಡೂವರೆ ವರ್ಷ. ಅದೂ ಕೆಲಸ ಕೂಡಲೇ ಸಿಕ್ಕರೆ. ಪಿಯು ಉಪನ್ಯಾಸಕಿ ಆಗಬೇಕೆಂದರೆ ಮೇಲೆ ಬಿ.ಎಡ್. ಬೇಕು, ಮನಶ್ಶಾಸ್ತ್ರ ಇರುವ ಕಾಲೇಜುಗಳು ನಮ್ಮ ಕಡೆ ಕಡಿಮೆ.

ಇಲ್ಲಿ ಅಪ್ಪನಿಗೆ ಒಂದು ಮಾತು ಬಿಡಿಸಿ ಹೇಳಬೇಕಾಯಿತು. ಗುಳಿಗೆ ಬರೆಯುವ ಮನೋವೈದ್ಯರು ಎಂಬಿಬಿಎಸ್ ಆಗಿ ಮೇಲೆ ಎಂ.ಡಿ. ಮಾಡಿದವರು. ತಂಗಿ ಅದಾಗುವುದಿಲ್ಲ. ಎಂ.ಎ. ಮಾಡಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕುವಂತೆಯೂ ಇಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಅಲ್ಲಿಗೆ ಹೋಗುವ ದಾರಿ ಬಹಳ ಕಾಲ ನಿಮ್ಹಾನ್ಸ್‌ನಂಥ ಕಡೆಯ ಎರಡು ವರ್ಷದ ಎಂ.ಫಿಲ್. ಯುಜಿಸಿ 2022ರಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025-26ರ ತನಕ ಅವಕಾಶ ಕೊಟ್ಟಿತ್ತು. ನಮ್ಮ ತಂಗಿ ಎಂ.ಎ. ಮುಗಿಸುವ ಹೊತ್ತಿಗೆ ದಾರಿಯೇ ಬದಲಾಗಿರುತ್ತದೆ. ಈ ಡಿಗ್ರಿಗೆ ಸೇರುವ ಹಳ್ಳಿಯ ಹುಡುಗ ಹುಡುಗಿಯರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನಾನು ಸೇರುವ ಕೋರ್ಸಿಗೆ ಪರಿಷತ್ತಿನ ಮಾನ್ಯತೆ ಇದೆಯೋ ಇಲ್ಲವೋ? ಲಕ್ಷಗಟ್ಟಲೆ ಫೀ ಕೇಳುವ ಖಾಸಗಿ ಕಾಲೇಜಿನ ಬಣ್ಣದ ಪುಸ್ತಕದಲ್ಲಿ 'ಕ್ಲಿನಿಕಲ್' ಎಂಬ ಪದ ಇದ್ದ ಮಾತ್ರಕ್ಕೆ ಆಗಲಿಲ್ಲ.

ಕೆಲಸಕ್ಕೆ ಜನ ಬೇಕಿಲ್ಲ ಅಂತಲ್ಲ. ಇಂದು ದೇಶದ ತುಂಬ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದ್ದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಾನಸಿಕ ಚಿಕಿತ್ಸೆ ಕೊಡುವ ಮನೋಚೈತನ್ಯ ಕಾರ್ಯಕ್ರಮ ಬಂದಿದೆ. 2022ರಿಂದ ಟೆಲಿ ಮಾನಸ್‌ನ 14416ಕ್ಕೆ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಓಣಿಯವರಿಗೆ 2019ರಲ್ಲಿ ಆ ನಂಬರ್ ಇರಲಿಲ್ಲ.

ಹಾಳೆ ತುಂಬಿತು. ನಾವು ಅಪ್ಪನಿಗೆ ಹೇಳಿದೆವು: "ರೊಕ್ಕದ ಲೆಕ್ಕಕ್ಕ ಅಷ್ಟೇನ ಲಾಭ ಇಲ್ರಿ. ಹೆಚ್ಚು ಕಡಿಮಿ ಆದ್ರ ಲುಕ್ಸಾನ."

ಆಗ ಅಲ್ಲಿಯತನಕ ಸುಮ್ಮನೆ ಬಳ್ಳೊಳ್ಳಿ ಸುಲಿಯುತ್ತಿದ್ದ ಅವ್ವ ಕೇಳಿದಳು, "ನಿಮ್ಮಿಬ್ಬರ ಪೇಪರ್ ಓದಿಗೆ ಎಷ್ಟ ಟನ್ ಹೋಗಿತ್ತೋ?"

ನಮ್ಮ ಬಳಿ ಉತ್ತರವಿರಲಿಲ್ಲ. ನಾವಿಬ್ಬರೂ ಸೇರುವಾಗ ಯಾರೂ ಹಾಳೆ ಹಿಡಿದು ಕುಳಿತಿರಲಿಲ್ಲ. ಗಂಡುಹುಡುಗರು ಓದುತ್ತಾರೆ ಅಂದರು, ಸೊಸೈಟಿಯಲ್ಲಿ ಸಾಲ ತೆಗೆದರು, ಕಳಿಸಿದರು. ಇವತ್ತಿಗೂ ನಮ್ಮಿಬ್ಬರ ಗಳಿಕೆ ಕೂಡಿಸಿದರೂ ಇಪ್ಪತ್ತು ಸಾವಿರ ದಾಟುವ ತಿಂಗಳುಗಳು ಕಡಿಮೆ. ಅವಳ ಲೆಕ್ಕದಲ್ಲಿ ಇನ್ನೊಂದು ಅಂಕಿ ಇತ್ತು, ಯಾರೂ ಬರೆದಿರಲಿಲ್ಲ: ಎರಡು ವರ್ಷ ತಡವಾದರೆ ಮದುವೆಗೆ ಏನು ಎಂಬುದು. ಅವ್ವ ಅದನ್ನೂ ನೋಡಿದ್ದಳು.

ಅಪ್ಪ ಹಾಳೆ ಮಡಚಿ ಕಿಸೆಯಲ್ಲಿಟ್ಟರು. "ಅಡಸಾಲಿ ಕಬ್ಬಿಗಿ ಹದಿನೆಂಟ ತಿಂಗಳ ಕಾಯ್ತೀವಿ. ಇಕಿಗೆ ಎಲ್ಡ ವರ್ಷ ಕಾಯಾಕ ಏನಾಗೈತಿ? ಹೊಸಾ ಮೋಟಾರ ಮುಂದಿನ ವರ್ಷ ನೋಡೂಣು."

ಹೀಗೆ ತೀರ್ಮಾನವಾಯಿತು. 2026ರಲ್ಲಿ ಧಾರವಾಡಕ್ಕೆ ಅರ್ಜಿ, ಸೀಟು ಸಿಗದಿದ್ದರೆ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ. ಖಾಸಗಿ ಕಾಲೇಜಿಗೆ ಸಾಲ ಮಾಡುವುದಿಲ್ಲ. ಇದು ಸರಿಯಾದ ಲೆಕ್ಕವೋ ತಪ್ಪೋ, ನಾಲ್ಕು ವರ್ಷದ ಮೇಲೆ ಗೊತ್ತಾದೀತು.

ಮೊನ್ನೆ ಓಣಿಯ ಅವರು ಹೊಲಕ್ಕೆ ಹೋಗುವಾಗ ಬಾಗಿಲಲ್ಲಿ ನಿಂತು ತಂಗಿಗೆ ಕೇಳಿದರು, "ಧಾರವಾಡಕ್ಕ ಹೊಂಟೀ ಅಂತಲ್ಲವಾ? ಅಲ್ಲಿ ದವಾಖಾನಿ ನನಗ ಗೊತ್ತೈತಿ. ಬೇಕಾದ್ರ ಕರಕೊಂಡ ಹೋಗಿ ತೋರಸ್ತೀನಿ." ಅವಳು ಹೂಂ ಕಾಕಾ ಅಂದಳು.